ಬ್ರೆಸ್ಟ್ ಪಂಪ್: ವಾರ ಎಣಿಸಬೇಡಿ, ರಜೆ ಎಣಿಸಿ

ಗರ್ಭಿಣಿಗೆ ಏಳು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಪಟ್ಟಿಗಳು ಹುಟ್ಟಿಕೊಳ್ಳುತ್ತವೆ. ಅಮ್ಮನ ಪಟ್ಟಿಯಲ್ಲಿ ಮೆತ್ತನೆಯ ಹಳೇ ಪಂಚೆ, ಬಜೆ, ಸಾಂಬ್ರಾಣಿ, ಅಂಟಿನುಂಡೆಯ ಸಾಮಾನು. ಮಗಳ ಫೋನಿನ ಪಟ್ಟಿಯಲ್ಲಿ ಡೈಪರ್, ಸ್ಟೆರಿಲೈಸರ್, ಹಾಲುಣಿಸುವಾಗ ಇಟ್ಟುಕೊಳ್ಳುವ ದಿಂಬು, ಕೊನೆಗೆ ಬ್ರೆಸ್ಟ್ ಪಂಪ್. ಕೈಯಿಂದ ಒತ್ತುವ ಸಾದಾ ಪಂಪ್ ಕೆಲವು ನೂರು ರೂಪಾಯಿಗೆ ಸಿಕ್ಕರೂ ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಒಳ್ಳೆಯ ವಿದ್ಯುತ್ ಪಂಪಿಗೆ ಹಲವು ಸಾವಿರ ತೆರಬೇಕು. ಹಾಗಾಗಿ ‘ಎಷ್ಟನೇ ವಾರದಲ್ಲಿ ಕೊಂಡರೆ ಸರಿ’ ಎಂಬ ಪ್ರಶ್ನೆ ಏಳುವುದು ಸಹಜ. ಆಸ್ಪತ್ರೆಗೆ ಹೊರಡುವ ಚೀಲ ಸಿದ್ಧವಾಗುವಷ್ಟರಲ್ಲಿ ಪಂಪೂ ಮನೆಗೆ ಬಂದಿರಲಿ ಎನ್ನುವುದು ಪಟ್ಟಿಗಳ ಉತ್ತರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ಗೇಲಿ ಮಾಡಿದ್ದರು. ಕುಲಾವಿಯಾದರೆ ಯಾವ ಕೂಸಿನ ತಲೆಗಾದರೂ ಹೆಚ್ಚುಕಡಿಮೆ ಹೊಂದೀತು, ಪಂಪಿನ ಮಟ್ಟಿಗೆ ಆ ಮಾತು ಹೇಳುವಂತಿಲ್ಲ. ಕರ್ನಾಟಕದಲ್ಲಿ ಹೆರಿಗೆ ರಜೆ ಇರುವ ಬಹುಪಾಲು ತಾಯಂದಿರಿಗೆ ಪಟ್ಟಿಯ ಈ ಉತ್ತರ ಒಗ್ಗುವುದಿಲ್ಲ ಎಂಬುದು ನನ್ನ ವಾದ. ತಾಯಿ ಮತ್ತು ಮಗು ದಿನದ ಹೆಚ್ಚು ಹೊತ್ತು ಬೇರೆಯಾಗಿರಬೇಕಾದ ದಿನ ಯಾವುದೆಂದು ಮೊದಲು ಗುರುತಿಸಿಕೊಂಡು, ಅಲ್ಲಿಂದ ಮೂರು ನಾಲ್ಕು ವಾರ ಹಿಂದಕ್ಕೆ ಎಣಿಸಿದರೆ ಪಂಪ್ ಕೊಳ್ಳುವ ದಿನ ತಾನಾಗಿ ಸಿಗುತ್ತದೆ.

ಮೊದಲು ದೇಹದ ಲೆಕ್ಕ ನೋಡೋಣ. ಗರ್ಭದ ನಡುಭಾಗದ ಹೊತ್ತಿಗೇ ಎದೆ ಹಾಲು ತಯಾರಿಸಲು ಅಣಿಯಾಗಿರುತ್ತದೆ. ಆದರೆ ಮಾಸು ಒಳಗಿರುವವರೆಗೆ ಪ್ರೊಜೆಸ್ಟರಾನ್ ಹಾರ್ಮೋನು ಅದನ್ನು ತಡೆದು ಹಿಡಿದಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಆ ತಡೆ ಸರಿದು, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹಾಲು ತುಂಬಿ ಬರುತ್ತದೆ. ಅಲ್ಲಿಯವರೆಗೆ ಸಿಗುವುದು ಗಿಣ್ಣು ಹಾಲು, ಮೊದಲ ದಿನದ್ದೆಲ್ಲ ಸೇರಿಸಿದರೂ ಕೆಲವೇ ಚಮಚ. ಆಗಷ್ಟೇ ಹುಟ್ಟಿದ ಆರೋಗ್ಯವಂತ ಕೂಸಿಗೆ ಅಷ್ಟು ಸಾಕು. ದಪ್ಪಗೆ ಅಂಟಂಟಾಗಿರುವ ಈ ಹಾಲನ್ನು ಪಂಪಿನಲ್ಲಿ ತೆಗೆದರೆ ಬಹುಪಾಲು ಬಾಟಲಿ ತಲುಪದೆ ಪ್ಲಾಸ್ಟಿಕ್ಕಿಗೇ ಮೆತ್ತಿಕೊಳ್ಳುತ್ತದೆ. ಕೈಯಿಂದ ಹಿಂಡಿ ಚಮಚಕ್ಕೋ ಒಳಲೆಗೋ ಬೀಳಿಸಿಕೊಂಡರೆ ಹನಿಯೂ ಹಾಳಾಗದು. ಮುಂದಿನ ದಿನಗಳಲ್ಲಿ ಮಗು ಚೀಪಿದಷ್ಟೂ ಹಾಲು ಊರುತ್ತದೆ, ಎದೆಯಲ್ಲೇ ಉಳಿದಷ್ಟೂ ಉತ್ಪಾದನೆ ತಗ್ಗುತ್ತದೆ. ಮಗುವಿಗೆ ಬೇಕಾದಷ್ಟು, ಬೇಕಾದ ಹೊತ್ತಿಗೆ ಎಂಬ ಈ ಹೊಂದಾಣಿಕೆ ಕುದುರುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಬೇಕು, ಆರು ತಿಂಗಳು ಬರೀ ಎದೆಹಾಲು ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದರೂ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ 41.8 ಮಾತ್ರ. ನಮ್ಮ ದೊಡ್ಡ ಕೊರತೆ ಇರುವುದು ಆ ಮೊದಲ ಗಂಟೆಯಲ್ಲಿ. ಹೆರಿಗೆ ಕೋಣೆಯ ದಾದಿ ತುಂಬಿಕೊಡಬೇಕಾದ ಆ ಕೊರತೆಯನ್ನು ಮನೆಯಲ್ಲಿ ಡಬ್ಬಿಯೊಳಗೆ ಕಾದು ಕೂತ ಪಂಪ್ ತುಂಬಲಾರದು.

ಎರಡನೆಯದು ಅಳತೆಯ ಲೆಕ್ಕ. ಪಂಪಿನ ಬಾಯಿಗೆ ಒಂದು ಆಲಿಕೆ ಇರುತ್ತದೆ, ಫ್ಲೇಂಜ್ ಎನ್ನುತ್ತಾರೆ. ಅದರ ಕೊಳವೆಯ ಅಗಲವನ್ನು ಮೊಲೆತೊಟ್ಟಿನ ಗಾತ್ರ ನೋಡಿ ಆರಿಸಬೇಕು. ಹಲವು ಕಂಪನಿಗಳು ಡಬ್ಬಿಯೊಳಗೆ 24 ಮಿಲಿಮೀಟರಿನದ್ದೇ ಇಟ್ಟು ಕೊಡುತ್ತವೆ. ಅದು ಎಲ್ಲರಿಗೂ ಹೊಂದುವುದಿಲ್ಲ. ಸಡಿಲವಾದರೆ ಹಾಲು ಸರಿಯಾಗಿ ಬಾರದು, ಬಿಗಿಯಾದರೆ ತೊಟ್ಟು ಕೆಂಪಾಗಿ ಒಡೆಯುತ್ತದೆ. ಬಸುರಿನಲ್ಲಿ, ಹೆರಿಗೆಯ ನಂತರ, ಹಾಲು ತುಂಬಿದಾಗ ತೊಟ್ಟಿನ ಗಾತ್ರ ಬದಲಾಗುತ್ತಿರುವುದರಿಂದ ಏಳನೇ ತಿಂಗಳಲ್ಲಿ ತೆಗೆದ ಅಳತೆ ಐದನೇ ತಿಂಗಳ ಬಾಣಂತಿಗೆ ಆಗಿಬರುತ್ತದೆಂಬ ಭರವಸೆ ಇಲ್ಲ. ಡಬ್ಬಿ ಒಡೆದ ಪಂಪನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದೂ ಇಲ್ಲ. ವಾರಂಟಿಯ ಗಡಿಯಾರ ಓಡತೊಡಗುವುದು ಬಿಲ್ ಹಾಕಿದ ದಿನದಿಂದ. ಒಂದು ವರ್ಷದ ವಾರಂಟಿ ಇರುವ ಪಂಪನ್ನು ಏಳನೇ ತಿಂಗಳಲ್ಲಿ ಕೊಂಡು, ಮಗುವಿಗೆ ಐದು ತಿಂಗಳಾದಾಗ ಮೊದಲ ಬಾರಿ ಬಳಸಿದರೆ ಏಳೆಂಟು ತಿಂಗಳ ವಾರಂಟಿ ಕಪಾಟಿನಲ್ಲೇ ಕಳೆದಿರುತ್ತದೆ. ಮೋಟಾರು ಕೈಕೊಡುವುದು ಬಳಕೆ ಹೆಚ್ಚಿದ ಮೇಲೆ, ಆ ಹೊತ್ತಿಗೆ ವಾರಂಟಿ ಮುಗಿದಿರಬಹುದು.

ಮನೆಯಲ್ಲಿದ್ದರೆ ಇರಲಿ, ಬೇಕಾದಾಗ ಬಳಸಿದರಾಯಿತು ಎನ್ನಬಹುದು. ಸಾವಿರಾರು ರೂಪಾಯಿ ಕೊಟ್ಟು ತಂದ ವಸ್ತು ಕೈಗೆಟಕುವ ಕಡೆ ಇದ್ದರೆ ಬೇಡದಾಗಲೂ ಕೈ ಅದರ ಕಡೆ ಹೋಗುತ್ತದೆ, ತೊಂದರೆ ಅಲ್ಲಿಂದಲೇ ಶುರು. ಮೊದಲ ವಾರಗಳಲ್ಲಿ ಮಗುವಿಗೆ ಕುಡಿಸುವುದರ ಜೊತೆಗೆ ದಿನವೂ ಪಂಪ್ ಮಾಡಿದರೆ ದೇಹ ಒಂದು ಮಗುವಿನ ಬದಲು ಎರಡು ಮಕ್ಕಳ ಲೆಕ್ಕ ಹಿಡಿಯುತ್ತದೆ. ಹಾಲು ಅಗತ್ಯಕ್ಕಿಂತ ಹೆಚ್ಚಾಗಿ ಎದೆ ಕಟ್ಟಿಕೊಳ್ಳುತ್ತದೆ, ಕೆಲವರಲ್ಲಿ ಅದು ಜ್ವರ ತರುವ ಉರಿಯೂತಕ್ಕೆ ತಿರುಗುತ್ತದೆ. ‘ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್’ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಎದೆ ಖಾಲಿಯಾಗಲೆಂದು ಪಂಪ್ ಮಾಡುತ್ತಲೇ ಇರುವುದು ಉರಿಯೂತವನ್ನು ಹೆಚ್ಚಿಸುತ್ತದೆ, ಪಂಪ್ ಬಳಕೆ ಅಗತ್ಯಕ್ಕಷ್ಟೇ ಸೀಮಿತವಾಗಿರಲಿ ಎಂದು ಹೇಳಿದೆ. ಇನ್ನೊಂದು ಅಪಾಯ ಬಾಟಲಿಯ ಮೇಲಿನ ಮಿಲಿಲೀಟರ್ ಗೆರೆಗಳಲ್ಲಿದೆ. ಪಂಪ್ ಎಷ್ಟು ತೆಗೆಯಿತು ಎಂಬುದು ಎದೆಯಲ್ಲಿ ಎಷ್ಟಿದೆ ಎಂಬುದರ ಅಳತೆ ಅಲ್ಲ. ಚೆನ್ನಾಗಿ ಚೀಪುವ ಮಗು ಪಂಪಿಗಿಂತ ಹೆಚ್ಚು ಹಾಲು ಎಳೆಯಬಲ್ಲದು. ಅದನ್ನು ತಿಳಿಯದ ಬಾಣಂತಿ ಬಾಟಲಿಯ ತಳದಲ್ಲಿ 20 ಮಿಲಿ ಕಂಡು ‘ನನಗೆ ಹಾಲೇ ಇಲ್ಲ’ ಎಂದು ಹೆದರುತ್ತಾಳೆ, ಮನೆಯವರು ಆ ಸಂಜೆಯೇ ಪುಡಿ ಹಾಲಿನ ಡಬ್ಬಿ ತರುತ್ತಾರೆ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯುವ ದಾರಿ ಬೇರೆ ಇದೆ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ಯಬೇಕು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬಂದಿರಬೇಕು.

ಹಾಗಿದ್ದರೆ ಹೆರಿಗೆಗೆ ಮುಂಚೆಯೇ ಕೊಳ್ಳಿ ಎಂಬ ಸಲಹೆ ಹುಟ್ಟಿದ್ದಾದರೂ ಎಲ್ಲಿ? ಅದರ ತವರು ಬಹುಮಟ್ಟಿಗೆ ಅಮೆರಿಕ. ಅಲ್ಲಿ ದೇಶದ ಎಲ್ಲ ತಾಯಂದಿರಿಗೂ ಸಂಬಳ ಸಹಿತ ಹೆರಿಗೆ ರಜೆ ಕೊಡುವ ಕೇಂದ್ರ ಕಾನೂನು ಇಲ್ಲ. 1993ರ ಕಾಯ್ದೆ ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ, ಅದೂ ನಿಗದಿತ ಷರತ್ತುಗಳಿಗೆ ಒಳಪಟ್ಟವರಿಗೆ. ಎಷ್ಟೋ ಮಂದಿ ಅದಕ್ಕೂ ಮುಂಚೆಯೇ ಕೆಲಸಕ್ಕೆ ಮರಳುತ್ತಾರೆ. 2010ರ ಆರೋಗ್ಯ ಕಾಯ್ದೆ ಬಂದ ಮೇಲೆ ಬಹುತೇಕ ವಿಮಾ ಯೋಜನೆಗಳು ಪಂಪಿನ ವೆಚ್ಚ ಭರಿಸಬೇಕಾಯಿತು, 2022ರ ಇನ್ನೊಂದು ಕಾಯ್ದೆ ಕೆಲಸದ ಜಾಗದಲ್ಲಿ ಹಾಲು ತೆಗೆಯಲು ಬಿಡುವು ಮತ್ತು ಖಾಸಗಿ ಜಾಗದ ಹಕ್ಕನ್ನು ವಿಸ್ತರಿಸಿತು. ರಜೆ ಕಡಿಮೆ, ಪಂಪಿಗೆ ಕೈಯಿಂದ ಹಣವಿಲ್ಲ, ವಿಮೆಯ ಕಾಗದಪತ್ರ ಮುಗಿಯಲು ಸಮಯ ಬೇಕು. ಅಂಥ ಕಡೆ ಹೆರಿಗೆಗೆ ಮುಂಚೆಯೇ ತರಿಸಿಟ್ಟುಕೊಳ್ಳಿ ಎನ್ನುವುದು ಬುದ್ಧಿವಂತಿಕೆಯ ಮಾತೇ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡತಿಗೆ, ಬಾಣಂತನಕ್ಕೆಂದು ಊರಿನಿಂದ ಅಮ್ಮ ಬರುವವಳಿದ್ದರೂ, ಈ ಸಲಹೆ ಸರಿಯಾದದ್ದು. ಅದೇ ಪಟ್ಟಿಯನ್ನು ದಾವಣಗೆರೆಗೆ ಇಳಿಸಿದಾಗ ಅದರ ಹಿಂದಿದ್ದ ಕಾರಣಗಳು ಜೊತೆಗೆ ಬರುವುದಿಲ್ಲ.

ನಮ್ಮ ಲೆಕ್ಕ ಹೀಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 26 ವಾರ ಉಳಿದಿದೆ. ಇದರಲ್ಲಿ ಹೆಚ್ಚೆಂದರೆ ಎಂಟು ವಾರವನ್ನು ಹೆರಿಗೆಗೆ ಮುಂಚೆ ಬಳಸಿಕೊಳ್ಳಬಹುದು. ಹಾಗೆ ಎಂಟೂ ವಾರ ಮೊದಲೇ ಬಳಸಿದವಳಿಗೆ ಹೆರಿಗೆಯ ನಂತರ 18 ವಾರ ಉಳಿಯುತ್ತದೆ. ಅವಳು ಕಚೇರಿಗೆ ಮರಳುವಾಗ ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಬಿಟ್ಟರೆ ಬೇರೆ ಆಹಾರವಿಲ್ಲ. ಅವಳಿಗೆ ಗಟ್ಟಿಮುಟ್ಟಾದ ವಿದ್ಯುತ್ ಪಂಪ್ ಬೇಕೇ ಬೇಕು. ನೋವು ಬರುವ ಹಿಂದಿನ ದಿನದವರೆಗೂ ದುಡಿದು ರಜೆಯನ್ನೆಲ್ಲ ಹೆರಿಗೆಯ ನಂತರಕ್ಕೆ ಉಳಿಸಿಕೊಂಡವಳು ಮರಳುವಾಗ ಮಗುವಿಗೆ ಆರು ತಿಂಗಳು ತುಂಬಿರುತ್ತದೆ, ರಾಗಿ ಮಣ್ಣಿ, ಬೇಳೆಕಟ್ಟು ಕಲಸಿದ ಅನ್ನ ಶುರುವಾಗಿರುತ್ತದೆ. ಮನೆ ಹತ್ತಿರದಲ್ಲೇ ಕೆಲಸವಿದ್ದರೆ ಅವಳಿಗೆ ಕೈಪಂಪೇ ಸಾಕಾದೀತು. ಮೂರನೇ ಮಗುವಿನ ತಾಯಿಗೆ ಸಿಗುವುದು 12 ವಾರವಾದ್ದರಿಂದ ಅವಳ ಲೆಕ್ಕ ಬೇರೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದು ಕಾಯ್ದೆ ಹೇಳುತ್ತದೆ. ಆ ಕೂಸಿನ ಮನೆ ನಿಜಕ್ಕೂ ಇದ್ದು ನಡೆಯುತ್ತಿದ್ದರೆ ಪಂಪೇ ಬೇಡವಾಗಬಹುದು. ಗರ್ಭದ ಒಂದೇ ವಾರದಲ್ಲಿರುವ ಮೂವರಿಗೆ ಮೂರು ಬೇರೆ ಬೇರೆ ಉತ್ತರ ಬರುವಾಗ ಗರ್ಭದ ವಾರ ಎಣಿಸಿ ಏನು ಪ್ರಯೋಜನ?

ಕೆಲಸಕ್ಕೆ ಮರಳುವ ಮೂರು ನಾಲ್ಕು ವಾರ ಮುಂಚೆ ಎಂದೇಕೆ ಹೇಳುತ್ತೇನೆ? ಒಂದರಿಂದ ಆರು ತಿಂಗಳವರೆಗಿನ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿ ಹಾಲು ಕುಡಿಯುತ್ತದೆ, ಗಂಟೆಗೆ ಮೂವತ್ತರ ಆಸುಪಾಸು. ಎಂಟು ಗಂಟೆ ಕೆಲಸ, ಬೆಂಗಳೂರಿನ ರಸ್ತೆಯಲ್ಲಿ ಹೋಗಿಬರಲು ಎರಡು ಗಂಟೆ ಎಂದಿಟ್ಟುಕೊಂಡರೆ ಹತ್ತು ಗಂಟೆಗೆ ಸುಮಾರು 300 ಮಿಲಿ ಮನೆಯಲ್ಲಿರಬೇಕು. ಮೊದಲ ದಿನಕ್ಕೆ ಅಷ್ಟು, ಹಾಲು ಚೆಲ್ಲಿದರೆ ಇರಲೆಂದು ಇನ್ನಷ್ಟು ಇದ್ದರೆ ಮುಗಿಯಿತು. ಆಮೇಲೆ ಇವತ್ತು ಕಚೇರಿಯಲ್ಲಿ ತೆಗೆದ ಹಾಲು ನಾಳೆಗೆ ಒದಗುತ್ತದೆ. ಬೆಳಿಗ್ಗೆ ಮಗು ಕುಡಿದ ಮೇಲೆ ಒಂದು ಬಾರಿ ಪಂಪ್ ಮಾಡಿ ದಿನಕ್ಕೆ 30ರಿಂದ 50 ಮಿಲಿ ಎತ್ತಿಟ್ಟರೂ ಎರಡು ವಾರದಲ್ಲಿ ಬೇಕಾದ್ದು ಕೂಡುತ್ತದೆ. ಫ್ರೀಜರ್ ತುಂಬ ಹಾಲಿನ ಚೀಲ ಪೇರಿಸಿದ ಚಿತ್ರ ನೋಡಿ ಯಾರೂ ದಿಗಿಲುಪಡಬೇಕಿಲ್ಲ. ಉಳಿದ ಸಮಯ ಯಂತ್ರದ ವೇಗ ಹೊಂದಿಸಿಕೊಳ್ಳಲು, ಆಲಿಕೆಯ ಗಾತ್ರ ಬದಲಿಸಿಕೊಳ್ಳಲು, ಮಗುವಿಗೆ ಒಳಲೆಯಲ್ಲೋ ಲೋಟದಲ್ಲೋ ಕುಡಿಯುವ ಅಭ್ಯಾಸ ಮಾಡಿಸಲು ಬೇಕು. ಅಜ್ಜಿಯ ಕೈಯಿಂದ ಕುಡಿಯುವುದನ್ನು ಮಗು ಒಂದೇ ದಿನದಲ್ಲಿ ಕಲಿಯುವುದಿಲ್ಲ. ತೆಗೆದ ಹಾಲನ್ನು ಕಾಪಿಡುವ ಕ್ರಮವನ್ನೂ ಮನೆಯವರು ಆಗಲೇ ರೂಢಿಸಿಕೊಳ್ಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ 25 ಡಿಗ್ರಿಯವರೆಗಿನ ತಾಪದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಸುಮಾರು ಆರು ತಿಂಗಳು ಇಡಬಹುದು. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಆ ಮೊದಲ ಲೆಕ್ಕ ನಡೆಯುವುದಿಲ್ಲ. ಹಾಲು ತೆಗೆದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು.

ಇದಕ್ಕೆ ಬರುವ ಬಲವಾದ ಆಕ್ಷೇಪಣೆ ಎಂದರೆ ತುರ್ತು. ಅವಧಿಗೆ ಮುಂಚೆ ಹೆರಿಗೆಯಾಗಿ ಮಗು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದರೆ, ಮಗು ಮೊಲೆ ಹಿಡಿಯದಿದ್ದರೆ, ಸಿಸೇರಿಯನ್ ಆಗಿ ತಾಯಿ ಏಳಲಾರದಿದ್ದರೆ ನಡುರಾತ್ರಿ ಪಂಪಿಗೆ ಎಲ್ಲಿ ಓಡುವುದು? ಕರ್ನಾಟಕದಲ್ಲಿ ಹತ್ತರಲ್ಲಿ ಮೂರು ಹೆರಿಗೆ ಸಿಸೇರಿಯನ್ ಆಗುತ್ತಿರುವಾಗ ಈ ಹೆದರಿಕೆ ಸುಳ್ಳಲ್ಲ. ಆದರೆ ಅಂಥ ಹೊತ್ತಿನಲ್ಲಿ ಮೊದಲು ಬೇಕಾಗುವುದು ತಾಯಿಯ ಕೈ, ಇಲ್ಲವೇ ಅವಳಿಗೆ ನೆರವಾಗುವ ದಾದಿಯ ಕೈ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮಕ್ಕಳ ವೈದ್ಯೆ ಜೇನ್ ಮಾರ್ಟನ್ ಮತ್ತು ಸಂಗಡಿಗರು ದಿನ ತುಂಬದ ಮಕ್ಕಳ ತಾಯಂದಿರ ಬಗ್ಗೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮೂರು ದಿನ ಪಂಪಿನ ಜೊತೆಗೆ ದಿನಕ್ಕೆ ಐದಕ್ಕಿಂತ ಹೆಚ್ಚು ಬಾರಿ ಕೈಯಿಂದ ಹಿಂಡಿದವರಲ್ಲಿ ಮುಂದೆ ಹಾಲು ಹೆಚ್ಚು ಬಂದದ್ದು ಕಂಡಿತು. ಹಾಲು ತೆಗೆಯುವ ವಿಧಾನಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2016ರ ಕಾಕ್ರೇನ್ ವಿಮರ್ಶೆಯೂ ಕೈಯಿಂದ ಹಿಂಡುವುದು, ಎದೆಗೆ ಶಾಖ ಕೊಡುವುದು, ನೀವುವುದು ಮುಂತಾದ ಖರ್ಚಿಲ್ಲದ ಉಪಾಯಗಳು ಕೆಲವು ವಿಷಯಗಳಲ್ಲಿ ದೊಡ್ಡ ವಿದ್ಯುತ್ ಪಂಪುಗಳಿಗೆ ಸಮ ಅಥವಾ ಮಿಗಿಲು ಎಂದಿತು. ಮಗು ವಾರಗಟ್ಟಲೆ ಎನ್‌ಐಸಿಯುನಲ್ಲಿದ್ದರೆ ದಿನಕ್ಕೆ ಎಂಟು ಬಾರಿ ಹಾಲು ತೆಗೆಯಬೇಕು, ಆಗ ಪಂಪ್ ಖಂಡಿತ ಬೇಕು. ಆ ಕೆಲಸಕ್ಕೆ ಮನೆಬಳಕೆಯ ಚಿಕ್ಕ ಪಂಪಿಗಿಂತ ಆಸ್ಪತ್ರೆ ದರ್ಜೆಯ ದೊಡ್ಡ ಯಂತ್ರವೇ ತಕ್ಕದ್ದು. ಬೆಂಗಳೂರಿನಂಥ ನಗರಗಳಲ್ಲಿ ಅದು ಬಾಡಿಗೆಗೆ ಸಿಗುತ್ತದೆ, ಎಷ್ಟೋ ಆಸ್ಪತ್ರೆಗಳ ಶಿಶು ವಿಭಾಗದಲ್ಲೇ ಇರುತ್ತದೆ. ಮುಂಚಿತವಾಗಿ ಕೊಂಡ ಪಂಪ್ ಆ ತುರ್ತಿಗೆ ಚಿಕ್ಕದು, ತುರ್ತು ಬಾರದಿದ್ದರೆ ದಂಡ.

ಅಕ್ಕನದ್ದೋ ಗೆಳತಿಯದ್ದೋ ಹಳೆಯ ಪಂಪ್ ಇದೆ, ಬಿಟ್ಟಿ ಸಿಗುವಾಗ ಮೊದಲೇ ತಂದಿಟ್ಟುಕೊಂಡರೆ ನಷ್ಟವೇನು ಎಂದೂ ಕೇಳುತ್ತಾರೆ. ತೊಟ್ಟಿಲು ಮನೆಯಿಂದ ಮನೆಗೆ ಹೋಗುವುದು ನಮ್ಮಲ್ಲಿ ಸಂಪ್ರದಾಯ, ಪಂಪಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನೆಬಳಕೆಯ ಬಹುತೇಕ ಪಂಪುಗಳು ಒಬ್ಬರ ಬಳಕೆಗೆಂದೇ ಮಾಡಿದವು. ಹಾಲು ಮೋಟಾರಿನ ಕಡೆ ಹೋಗದಂತೆ ತಡೆ ಇಲ್ಲದ ಮಾದರಿಗಳಲ್ಲಿ ಹಾಲಿನ ಕಣ, ತೇವ ಒಳಗೆ ಸೇರಿದರೆ ತೊಳೆಯುವ ದಾರಿಯೇ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಪಂಪುಗಳನ್ನು ಹಂಚಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಸ್ವಂತದ್ದಾದರೂ ಶುಚಿ ತಪ್ಪಬಾರದು. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ದಿನ ತುಂಬದೆ ಹುಟ್ಟಿದ ಶಿಶುವೊಂದು ಕ್ರೋನೊಬ್ಯಾಕ್ಟರ್ ಸೋಂಕಿಗೆ ತುತ್ತಾದಾಗ, ಮನೆಯ ಪಂಪಿನಲ್ಲೂ ಅದೇ ಬ್ಯಾಕ್ಟೀರಿಯಾ ಪತ್ತೆಯಾಯಿತು. ಭಾಗಗಳನ್ನು ಸೋಪು ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕುತ್ತಿದ್ದರು. ಪ್ರತಿ ಬಾರಿ ಬಿಚ್ಚಿ, ಬೇರೆ ಪಾತ್ರೆಯಲ್ಲಿ ತೊಳೆದು, ದಿನಕ್ಕೊಮ್ಮೆ ಕುದಿಸಿ, ಪೂರ್ತಿ ಒಣಗಿಸುವಷ್ಟು ಪುರುಸೊತ್ತು ಮತ್ತು ಜಾಗ ಇರುವಾಗ ಮಾತ್ರ ಪಂಪ್ ಉಪಕಾರಿ. ಹಸಿ ಬಾಣಂತಿಯ ಮನೆಯಲ್ಲಿ ಅವೆರಡೂ ಕಡಿಮೆ.

ಇನ್ನೂ ಗಂಭೀರವಾದ ಪ್ರಶ್ನೆ ರಜೆಯೇ ಇಲ್ಲದವರದ್ದು. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ಇಎಸ್‌ಐ ಮೂಲಕ 26 ವಾರದ ಸೌಲಭ್ಯ ದಕ್ಕಬಹುದು. ಮನೆಗೆಲಸದವಳು, ಹೂವು ಮಾರುವವಳು, ಸ್ವಂತ ಹೊಲಿಗೆ ಅಂಗಡಿ ನಡೆಸುವವಳು ಎಷ್ಟು ವಾರ ಕಾಯಬಲ್ಲಳು? ರಜೆ ಎಣಿಸಿ ಎನ್ನುವುದು ಸಂಬಳದವರ ಮಾತಾಯಿತಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ಆದರೂ ಸೂತ್ರ ಮುರಿಯುವುದಿಲ್ಲ, ದಿನ ಮಾತ್ರ ಹತ್ತಿರವಾಗುತ್ತದೆ. ಹೆರಿಗೆಯಾಗಿ ಆರು ವಾರಕ್ಕೆ ಅಂಗಡಿಯ ಬಾಗಿಲು ತೆರೆಯಲೇಬೇಕಾದವಳು ಮೂರು ವಾರ ಹಿಂದಕ್ಕೆ ಎಣಿಸಿದರೆ ಬಾಣಂತನದ ನಡುವೆ ಪೇಟೆಗೆ ಹೋಗಬೇಕಾಗುತ್ತದೆ. ಅವಳು ಕೊನೆಯ ತಿಂಗಳಲ್ಲೇ ಕೊಂಡಿಟ್ಟುಕೊಳ್ಳುವುದು ಸರಿ. ಅವಳಿ ಮಕ್ಕಳೆಂದು ಗೊತ್ತಿರುವವರು, ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಬೇಕಾದೀತೆಂದು ವೈದ್ಯರು ಹೇಳಿದವರು ಬಾಡಿಗೆ ಯಂತ್ರದ ವಿಳಾಸವನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ರಾತ್ರಿ ಒಂದು ಸರದಿ ಅಪ್ಪನೂ ಹಾಲು ಕುಡಿಸಲಿ, ತಾಯಿಗೆ ನಿದ್ದೆ ಸಿಗಲಿ ಎಂಬ ಆಸೆಯೂ ಸರಿಯಾದದ್ದೇ. ಹಾಲು ಕುದುರಿದ ಮೇಲೆ, ಅಂದರೆ ಒಂದೂವರೆ ತಿಂಗಳ ನಂತರ, ಕೈಪಂಪಿನಿಂದಲೇ ಅದು ನಡೆಯುತ್ತದೆ. ಯಾರೂ ಮಾಡಬಾರದ್ದೆಂದರೆ, ತಂದ ಪಂಪನ್ನು ಬಸುರಿನಲ್ಲೇ ಹಾಕಿ ಪರೀಕ್ಷಿಸುವುದು. ತೊಟ್ಟು ಚೀಪಿದಾಗ ಹೊಮ್ಮುವ ಆಕ್ಸಿಟೋಸಿನ್ ಗರ್ಭಕೋಶವನ್ನು ಹಿಂಡುತ್ತದೆ. ಮಧುಮೇಹವಿದ್ದರೂ ಬೇರೆ ತೊಡಕಿಲ್ಲದ 635 ಗರ್ಭಿಣಿಯರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು 36ನೇ ವಾರದ ನಂತರ ಗಿಣ್ಣು ಹಾಲು ತೆಗೆದಿಡುವುದರಿಂದ ಮಗುವಿಗೆ ಹಾನಿ ಕಾಣಲಿಲ್ಲ ಎಂದಿತು. ಅಲ್ಲಿಯೂ ಬಳಸಿದ್ದು ಕೈಯನ್ನೇ, ಅದೂ ದಿನಕ್ಕೆ ಎರಡು ಬಾರಿ, ಆರೋಗ್ಯ ಸಿಬ್ಬಂದಿಯ ಮಾರ್ಗದರ್ಶನದಲ್ಲಿ.

ಹಾಗಾದರೆ ಬಸುರಿನ ತಿಂಗಳುಗಳಲ್ಲಿ ಮಾಡಬೇಕಾದ್ದೇನು? ಕೈಯಿಂದ ಹಾಲು ಹಿಂಡುವ ಕ್ರಮವನ್ನು ತಿಳಿದುಕೊಂಡಿರುವುದು ಮೊದಲನೆಯದು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ‘ಮಾ’ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಎದೆಹಾಲಿನ ಬಗ್ಗೆ ತರಬೇತಿ ಕೊಡಲಾಗಿದೆ, ಅವರನ್ನು ಕೇಳಬಹುದು. ಹೆರಿಗೆಗೆ ಗೊತ್ತು ಮಾಡಿಕೊಂಡ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದರೂ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕುತ್ತಾರೆಯೇ, ಹಾಲುಣಿಸುವುದನ್ನು ಹೇಳಿಕೊಡುವವರು ಇದ್ದಾರೆಯೇ, ಮಗು ಎನ್‌ಐಸಿಯು ಸೇರಿದರೆ ಪಂಪ್ ಸಿಗುತ್ತದೆಯೇ ಎಂದು ವಿಚಾರಿಸುವುದು ಎರಡನೆಯದು. ಸೀಮಂತಕ್ಕೆ ಪಂಪ್ ಉಡುಗೊರೆ ಕೊಡಬೇಕೆಂದಿರುವವರು ಆ ಹಣವನ್ನು ಮಡಿಲಿಗೆ ಹಾಕಿದರೆ ಬೇಕಾದ ಹೊತ್ತಿಗೆ ಸರಿಯಾದ ಅಳತೆಯ ಪಂಪ್ ಬರುತ್ತದೆ. ಮೂರನೆಯ ಕೆಲಸ ರಜೆಗೆ ಹೊರಡುವ ಮುಂಚೆ ಕಚೇರಿಯಲ್ಲೇ ಆಗಬೇಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವು ಕಾಯ್ದೆ ಕೊಟ್ಟ ಹಕ್ಕು. ಆ ಬಿಡುವಿನಲ್ಲಿ ಪಂಪ್ ಹಿಡಿದು ಕೂರುವುದು ಎಲ್ಲಿ ಎಂಬುದನ್ನು ಹೆಚ್ಚಿನ ಕಚೇರಿಗಳು ಯೋಚಿಸಿಯೇ ಇಲ್ಲ, ತಾಯಂದಿರು ಶೌಚಾಲಯದಲ್ಲಿ ನಿಂತು ಮಗುವಿನ ಆಹಾರ ತೆಗೆಯಬೇಕಾಗುತ್ತದೆ. ಪಂಪ್ ಎರಡು ಮೂರು ದಿನದಲ್ಲಿ ಬಾಗಿಲಿಗೆ ಬರುತ್ತದೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಅದರಲ್ಲೊಂದು ಕುರ್ಚಿ, ಒಂದು ಪ್ಲಗ್ಗು, ಪಕ್ಕದಲ್ಲೊಂದು ಫ್ರಿಜ್ಜು ಇವನ್ನು ಆಡಳಿತದಿಂದ ಒಪ್ಪಿಸಿಕೊಳ್ಳಲು ತಿಂಗಳುಗಳೇ ಬೇಕು. ಹೆರಿಗೆಗೆ ಮುಂಚೆ ಅವಸರ ಮಾಡಬೇಕಾದದ್ದು ಅದಕ್ಕೆ.